ಹಳೇ ಮಿಯಾಟಾದ 'ಧಡ್' ನಿಂತಿದ್ದು ಹೀಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಸಾಂತಾ ಕ್ರೂಜ್‌ಗೆ ಹೋಗುವ ಹೈವೇ 17ರಲ್ಲಿ ನನ್ನ 1994ರ ಮಜ್ದಾ ಮಿಯಾಟಾ ಕಾರು ಗುಂಡಿ ಸಿಕ್ಕಲ್ಲೆಲ್ಲ 'ಧಡ್' ಅನ್ನುತ್ತಿತ್ತು. ಬಿಚ್ಚಿದಾಗ, ಸಸ್ಪೆನ್ಶನ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಬಂಪ್ ಸ್ಟಾಪ್ ರಬ್ಬರ್ ಕೈಯಲ್ಲೇ ರಸ್ಕಿನ ಹಾಗೆ ಪುಡಿಯಾಯಿತು. ಆಸೆಗೆ ಬಿದ್ದು ಅಗ್ಗದ ಕಾಯ್ಲೋವರ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ, ಕಾರನ್ನು ತಗ್ಗಿಸಬಲ್ಲ ಜೋಡಿ) ಹಾಕಿದೆ. ಕಾರು ತಗ್ಗಿತು, ನನ್ನ ಸೊಂಟ ಹೋಯಿತು! ಈ ಕಾರಿನಲ್ಲಿ ಸಸ್ಪೆನ್ಶನ್‌ಗೆ ಮೇಲೆ ಕೆಳಗೆ ಆಡಲು ಮೊದಲೇ ಜಾಗ ಕಮ್ಮಿ, ಅಲ್ವಾ?

ಕೊನೆಗೆ ಕಂಪನಿಯ ಸ್ಪ್ರಿಂಗನ್ನೇ ವಾಪಸ್ ಹಾಕಿದೆ. ಹೊಸ ಕೆವೈಬಿ ಬ್ರ್ಯಾಂಡಿನ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಹೊಸ ಬಂಪ್ ಸ್ಟಾಪ್, ಗುಜರಿಯಲ್ಲಿ ಸಿಕ್ಕ ಎರಡನೇ ತಲೆಮಾರಿನ ಮಿಯಾಟಾದ ಮೇಲಿನ ಮೌಂಟ್ (ಡ್ಯಾಂಪರಿನ ಮೇಲ್ತುದಿಯನ್ನು ಕಾರಿಗೆ ಹಿಡಿದಿಡುವ ಭಾಗ). ಈ ಮೌಂಟಿನಿಂದ ಡ್ಯಾಂಪರ್‌ಗೆ ಆಡಲು ಜಾಸ್ತಿ ಜಾಗ ಸಿಗುತ್ತದೆ.

ಒಂದು ಎಡವಟ್ಟನ್ನೂ ಮಾಡಿದ್ದೆ. ಕಾರು ಜಾಕ್ ಮೇಲಿದ್ದಾಗಲೇ, ಚಕ್ರವನ್ನು ಕಾರಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ಬೋಲ್ಟ್ ಬಿಗಿದಿದ್ದೆ. ಇಳಿಸಿದಾಗ ಆ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಶ್ ತಿರುಚಿಕೊಂಡು ಕಾರು ಎತ್ತರದಲ್ಲೇ ನಿಂತಿತು. ಸಡಿಲಿಸಿ, ಚಕ್ರದ ಮೇಲೆ ಭಾರ ಬಿಟ್ಟು ಮತ್ತೆ ಬಿಗಿದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆ. 'ಧಡ್' ಹೋಯಿತು.