ಭಾವನ ಲ್ಯಾಪ್‌ಟಾಪ್, ಎರಡು ಆಂಟಿವೈರಸ್, ಒಂದು ಎಸ್‌ಎಸ್‌ಡಿ

ಕಂಪ್ಯೂಟರ್ ನಿಧಾನವಾಯಿತು ಅಂದಕೂಡಲೇ ನಮ್ಮಲ್ಲಿ ಎರಡು ಮಾತು ಬರುತ್ತವೆ: "ವೈರಸ್ ಹೊಕ್ಕಿರಬೇಕು", "ಫಾರ್ಮ್ಯಾಟ್ ಹೊಡೆಸಿಬಿಡಿ". ಸಾಗರದಲ್ಲಿರುವ ನಮ್ಮ ಭಾವನ ಲ್ಯಾಪ್‌ಟಾಪಿಗೆ ಇವೆರಡೂ ಚಿಕಿತ್ಸೆ ಆಗಿಹೋಗಿದ್ದವು. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ, ಒಂದು ವರ್ಷದ ಆಂಟಿವೈರಸ್ ಹಾಕಿ ಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಭಾವ ಮೇಷ್ಟ್ರ ಕೆಲಸದಿಂದ ನಿವೃತ್ತರು. ಲೇಖನ ಟೈಪ್ ಮಾಡುತ್ತಾರೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಡಿಟಿಪಿ ಅಂಗಡಿಗೆ ಹೋಗುತ್ತಾರೆ, ಪಿಂಚಣಿ ಬಂತೇ ಅಂತ ಬ್ಯಾಂಕ್ ಖಾತೆ ನೋಡುತ್ತಾರೆ, ಉಳಿದ ಹೊತ್ತು ಯೂಟ್ಯೂಬ್‌ನಲ್ಲಿ ತಾಳಮದ್ದಳೆ. ಮಷೀನು 2017ರ ಕಾಲದ್ದು: ಆರನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10.

ಇಂಥ ಕೆಲಸಕ್ಕೆ ಕೂತಾಗ ನಾನು ಮೊದಲು ಏನನ್ನೂ ಅಳಿಸುವುದಿಲ್ಲ. ನಿಧಾನ ಅಂದರೆ ಎಷ್ಟು ನಿಧಾನ, ಎಲ್ಲಿ ನಿಧಾನ ಅಂತ ಅಳೆಯುತ್ತೇನೆ. ಇದಕ್ಕೆ ಹೊರಗಿನ ತಂತ್ರಾಂಶವೇನೂ ಬೇಡ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನೋಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್ ಅಂತ ಒಂದೊಂದೇ ಬಾಗಿಲು ದಾಟಿ ಒಳಗೆ ಹೋದರೆ 100ನೇ ಸಂಖ್ಯೆಯ ದಾಖಲೆಗಳು ಸಿಗುತ್ತವೆ. ಬೂಟ್ ಆಗಲು, ಅಂದರೆ ಮಷೀನು ಎದ್ದು ಕೆಲಸಕ್ಕೆ ಸಿದ್ಧವಾಗಲು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬುದು ಅದರಲ್ಲಿರುತ್ತದೆ. ಭಾವನ ಮಷೀನಿನದು ಹೆಚ್ಚುಕಡಿಮೆ 2,18,000. ಅಂದರೆ ಮೂರೂವರೆ ನಿಮಿಷಕ್ಕೂ ಮೇಲೆ. ಆ ದಾಖಲೆಯ ವಿವರದೊಳಗೆ ಇದು ಎರಡು ಪಾಲಾಗಿ ಸಿಗುತ್ತದೆ: ಡೆಸ್ಕ್‌ಟಾಪ್ ಕಾಣುವವರೆಗಿನದು 61 ಸೆಕೆಂಡ್, ಕಂಡಮೇಲೆ ಮಷೀನು ಸುಮ್ಮನಾಗುವವರೆಗಿನದು 157 ಸೆಕೆಂಡ್. ದೊಡ್ಡ ಪಾಲು ಎರಡನೆಯದು. ಹಾಗಿದ್ದರೆ ತಗಾದೆ ವಿಂಡೋಸ್‌ನದಲ್ಲ, ಅದರ ಬೆನ್ನಿಗೆ ಬಿದ್ದು ಒಟ್ಟಿಗೆ ಏಳುವವರದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಅದು ತೆರೆದುಕೊಳ್ಳುವುದಕ್ಕೇ ತನ್ನ ಪಾಲಿನ ಸಮಯ ತೆಗೆದುಕೊಂಡಿತು ಅನ್ನಿ. ಸಿಪಿಯು ಶೇಕಡಾ 15ರ ಆಸುಪಾಸಿನಲ್ಲಿ ಆರಾಮಾಗಿತ್ತು. ಡಿಸ್ಕ್ ಶೇಕಡಾ 100, ಕೆಂಪಾಗಿ. ಹಾಗಂತ ಡಿಸ್ಕ್ ಎಷ್ಟು ಓದುತ್ತಿದೆ ಅಂತ ನೋಡಿದರೆ ಸೆಕೆಂಡಿಗೆ 2 ಎಂಬಿಯೂ ಇಲ್ಲ. ಹಳೆಯ ಹಾರ್ಡ್‌ಡಿಸ್ಕಿನ ಗುಣವೇ ಇದು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಓದುವ ಮುಳ್ಳು ಜಾಗದಿಂದ ಜಾಗಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ. ಒಬ್ಬನೇ ಬಡಿಸುವವನಿರುವಾಗ ಇಡೀ ಪಂಕ್ತಿ ಒಂದೇ ಸಲ ಸಾರು, ಪಲ್ಯ, ಉಪ್ಪು ಅಂತ ಕೂಗಿದರೆ ಹೇಗೋ ಹಾಗೆ: ಅವನು ಓಡಾಡುತ್ತಲೇ ಇರುತ್ತಾನೆ, ಎಲೆಗೆ ಮಾತ್ರ ಏನೂ ಬೀಳುವುದಿಲ್ಲ.

ಕೂಗುವವರು ಯಾರು ಅಂತ ಸ್ಟಾರ್ಟಪ್ ಪುಟದಲ್ಲಿ ನೋಡಿದೆ. ಮನೆಯಲ್ಲಿ ಈಗ ಇಲ್ಲವೇ ಇಲ್ಲದ ಪ್ರಿಂಟರಿನ ಸಹಾಯಕ ಇತ್ತು. ಲಾಕ್‌ಡೌನ್ ಕಾಲದ ವಿಡಿಯೋ ಕಾಲ್ ಆ್ಯಪ್‌ಗಳು ಒಂದಕ್ಕಿಂತ ಹೆಚ್ಚು. ಸೋದರಳಿಯ ರಜೆಗೆ ಬಂದಾಗ ಹಾಕಿದ, ಫೈಲ್ ಇಳಿಸುವ ಟೊರೆಂಟ್. "ಡ್ರೈವರ್ ಅಪ್ಡೇಟ್ ಮಾಡಿಕೊಡುತ್ತೇನೆ" ಅನ್ನುವ ಒಂದು, "ರಿಜಿಸ್ಟ್ರಿ ಶುಚಿ ಮಾಡುತ್ತೇನೆ" ಅನ್ನುವ ಇನ್ನೊಂದು. ಈ ಕೊನೆಯ ಜಾತಿಯವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ಕಡತ. ಅದನ್ನು ಶುಚಿ ಮಾಡುವ ತಂತ್ರಾಂಶಗಳನ್ನು ತಾನು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಮಷೀನು ವೇಗ ಮಾಡುತ್ತೇನೆಂದು ಬಂದದ್ದೇ ಪ್ರತಿ ಬೆಳಗ್ಗೆ ಡಿಸ್ಕ್ ಕೆದಕುತ್ತಾ ಕೂರುತ್ತಿತ್ತು.

ಆ ಪುಟದಲ್ಲಿ ಪ್ರತಿಯೊಂದರ ಮುಂದೆಯೂ ಪರಿಣಾಮ ಹೆಚ್ಚು, ಮಧ್ಯಮ, ಕಡಿಮೆ ಅಂತ ಬರೆದಿರುತ್ತದೆ. ಅದನ್ನೇ ನಂಬಿ ಹೊರಡಬೇಡಿ. ಏಳುವಾಗ 3 ಎಂಬಿಗಿಂತ ಹೆಚ್ಚು ಡಿಸ್ಕ್ ಬಳಸಿದರೆ ಅಥವಾ ಸಿಪಿಯುವನ್ನು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅದಕ್ಕೆ "ಹೆಚ್ಚು" ಪಟ್ಟ. ಇವತ್ತಿನ ಯಾವ ಆ್ಯಪ್ ತಾನೇ 3 ಎಂಬಿಗೆ ನಿಲ್ಲುತ್ತದೆ? ಬೇಕೋ ಬೇಡವೋ ಎಂಬುದೊಂದೇ ಪ್ರಶ್ನೆ. ಕನ್ನಡ ಟೈಪ್ ಮಾಡುವ "ನುಡಿ" ತಂತ್ರಾಂಶ ಬೇಕು, ಅದಿಲ್ಲದಿದ್ದರೆ ಭಾವನ ಬೆಳಗು ಶುರುವಾಗುವುದಿಲ್ಲ. ಟಚ್‌ಪ್ಯಾಡ್, ಸೌಂಡ್ ಡ್ರೈವರಿನವು ಇರಲಿ. ಉಳಿದದ್ದನ್ನು ಡಿಸೇಬಲ್ ಮಾಡಿದೆ. ಬೇಡವೇ ಬೇಡ ಅನ್ನಿಸಿದ್ದನ್ನು ಅನ್‌ಇನ್‌ಸ್ಟಾಲ್. ಆ ಪುಟಕ್ಕೆ ಕಾಣದೆ ಅಡಗಿರುವುದಕ್ಕೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಟೂಲುಗಳಲ್ಲಿ ಆಟೋರನ್ಸ್ ಎಂಬುದಿದೆ. ಅದರಲ್ಲಿ ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡಿದರೆ ಪಟ್ಟಿ ಮನುಷ್ಯರು ಓದುವ ಉದ್ದಕ್ಕೆ ಬರುತ್ತದೆ. ಹಳದಿ ಸಾಲು ಅಂದರೆ ಫೈಲೇ ಇಲ್ಲ, ಬರೀ ಕರೆಯೋಲೆ ಉಳಿದಿದೆ ಅಂತ. ಡಿಲೀಟ್ ಮಾಡದೆ ಟಿಕ್ ತೆಗೆದರೆ ಸಾಕು. ತೊಂದರೆಯಾದರೆ ಮತ್ತೆ ಹಾಕಬಹುದು.

ನಡುವೆ ಒಂದು ಮಾತು. ಭಾವ ದಿನಾ ರಾತ್ರಿ ಶಟ್‌ಡೌನ್ ಮಾಡುತ್ತಾರೆ. ಆದರೂ ಟಾಸ್ಕ್ ಮ್ಯಾನೇಜರಿನ ಅಪ್‌ಟೈಮ್ ವಾರಗಟ್ಟಲೆ ತೋರಿಸುತ್ತಿತ್ತು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದ ಕೆಲಸ ಇದು. ಶಟ್‌ಡೌನ್ ಒತ್ತಿದರೆ ವಿಂಡೋಸ್ ತನ್ನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಪೂರ್ತಿ ಆರುವುದಿಲ್ಲ. ಪೂರ್ತಿ ಆರಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ. ಹಾರ್ಡ್‌ಡಿಸ್ಕ್ ಮಷೀನಿನಲ್ಲಿ ಇದರಿಂದ ಲಾಭವೇ ಇದೆ, ಹಾಗಾಗಿ ತೆಗೆಯಲು ಹೋಗಲಿಲ್ಲ. ಆಗಾಗ ರೀಸ್ಟಾರ್ಟ್ ಕೊಡಿ ಅಂದೆ.

ಇನ್ನು ನಿಜವಾದ ಗಂಟು. ಈ ಲ್ಯಾಪ್‌ಟಾಪಿನಲ್ಲಿ ಆಂಟಿವೈರಸ್‌ಗಳು ಎರಡು: ಕೊಂಡಾಗಲೇ ಟ್ರಯಲ್ ಆಗಿ ಬಂದು ಅವಧಿ ಮುಗಿದದ್ದು ಒಂದು, ಅಂಗಡಿಯವರು ಹಾಕಿದ್ದು ಇನ್ನೊಂದು. ಫಾರ್ಮ್ಯಾಟ್ ಮಾಡಿದ್ದೇವೆ ಅಂದವರು ಕಂಪನಿಯ ರಿಕವರಿ ಪಾರ್ಟಿಷನ್ನಿಂದಲೇ ವಾಪಸ್ ತುಂಬಿದ್ದರಿಂದ ಟ್ರಯಲ್ ಕೂಡ ಜೊತೆಗೇ ಮರಳಿತ್ತು. ಆಂಟಿವೈರಸ್ ಬರೀ ಒಂದು ಐಕಾನ್ ಅಲ್ಲ. ವಿಂಡೋಸ್ ಒಂದು ಫೈಲ್ ತೆರೆಯುವ ಮುನ್ನ ನಡುವೆ ನಿಂತು ಮುಟ್ಟಿ ನೋಡಿ ಬಿಡುವ ಫಿಲ್ಟರ್ ಡ್ರೈವರ್ ಅದಕ್ಕಿರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಲ್‌ಟಿಎಂಸಿ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅವೆಲ್ಲ ಸಾಲಾಗಿ ಕಾಣುತ್ತವೆ. ಪ್ರತಿಯೊಂದಕ್ಕೂ ಆಲ್ಟಿಟ್ಯೂಡ್ ಅಂತ ಒಂದು ಸಂಖ್ಯೆ. 3,20,000ದಿಂದ ಶುರುವಾಗಿ 3,30,000ದ ಒಳಗಿನದು ಆಂಟಿವೈರಸ್‌ಗಳಿಗೆ ಮೀಸಲು. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರಿನದು 328010. ಭಾವನ ಮಷೀನಿನಲ್ಲಿ ಆ ಕೇರಿಯಲ್ಲಿ ಎರಡು ಕಂಪನಿಗಳ ಮನೆಗಳಿದ್ದವು. ಅವಧಿ ಮುಗಿದ ಟ್ರಯಲ್ "ಹಣ ಕಟ್ಟಿ" ಎಂಬ ಕಿಟಕಿ ತೆರೆಯುವುದರ ಜೊತೆಗೆ ತನ್ನ ಡ್ರೈವರನ್ನೂ ಬೆಳಗ್ಗೆ ಎಬ್ಬಿಸುತ್ತಿತ್ತು. ಪ್ರತಿ ಫೈಲಿಗೂ ಎರಡೆರಡು ತಪಾಸಣೆ, ಅದೂ ಆ ಡಿಸ್ಕಿನ ಮೇಲೆ.

ಎರಡನ್ನೂ ಸೆಟ್ಟಿಂಗ್ಸ್‌ನಿಂದ ತೆಗೆದೆ. ಅಷ್ಟಕ್ಕೆ ಪೂರ್ತಿ ಹೋಗುವುದಿಲ್ಲ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹೆಸರಾಂತ ಕಂಪನಿಗಳು ತಮ್ಮದೇ ರಿಮೂವಲ್ ಟೂಲ್ ಕೊಡುತ್ತವೆ. ಆಯಾ ಕಂಪನಿಯ ತಾಣದಿಂದಲೇ ಇಳಿಸಿಕೊಂಡು ಓಡಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಅದೇ ಕಮಾಂಡ್ ಕೊಟ್ಟು ನೋಡಬೇಕು. ಈಗ ಉಳಿದದ್ದು ಡಿಫೆಂಡರ್ ಒಂದೇ. ಬೇರೆ ಆಂಟಿವೈರಸ್ ಇರುವಾಗ ಅದು ತಾನಾಗಿ ಹಿಂದೆ ಸರಿದಿರುತ್ತದೆ, ಅವು ಹೋದಮೇಲೆ ತಾನಾಗಿ ಕೆಲಸಕ್ಕೆ ಬರುತ್ತದೆ. ಬೂಟ್ ಸಮಯ ಎರಡು ನಿಮಿಷದೊಳಕ್ಕೆ ಇಳಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದಾಗ ಹಳದಿ ಬಣ್ಣದಲ್ಲಿ "ಕಾಷನ್" ಅಂತ ಬಂತು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಣುಕುಗಳ) ಲೆಕ್ಕ ಸೊನ್ನೆಯಾಗಿರಲಿಲ್ಲ. ಬ್ಯಾಟರಿ ಸತ್ತು ವರ್ಷಗಳಾಗಿವೆ, ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೇಳಿಕೇಳಿ ಹೋಗುವುದಿಲ್ಲ; ಬರೆಯುತ್ತಿದ್ದ ಡಿಸ್ಕ್ ಥಟ್ಟನೆ ನಿಂತದ್ದು ಎಷ್ಟು ಸಲವೋ. ಹಳದಿ ಕಂಡಮೇಲೆ ರಿಪೇರಿ ಮಾತೇ ಇಲ್ಲ, ಮೊದಲು ಬ್ಯಾಕಪ್. ಭಾವನ ಲೇಖನಗಳನ್ನು ಮಾತ್ರವಲ್ಲ, ಹಳೆಯ ನುಡಿ ಫಾಂಟುಗಳನ್ನೂ ನಕಲು ಮಾಡಿಕೊಂಡೆ. ಯೂನಿಕೋಡ್‌ಗೆ ಮುಂಚಿನ ಫೈಲುಗಳು ಆ ಫಾಂಟಿಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು.

ಬೆಂಗಳೂರಿಗೆ ಬಂದವನು ಎಸ್.ಪಿ. ರಸ್ತೆಯಲ್ಲಿ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ವೇಗದ ಡಿಸ್ಕ್), 4 ಜಿಬಿಯ ಇನ್ನೊಂದು ರ‍್ಯಾಮ್ ಪಟ್ಟಿ ತೆಗೆದುಕೊಂಡೆ. ಹಳೆಯದನ್ನು ಹಾಗೇ ಕ್ಲೋನ್ ಮಾಡಬಹುದಿತ್ತಾದರೂ ಕೆಟ್ಟ ಸೆಕ್ಟರು ಇರುವ ಡಿಸ್ಕಿನಿಂದ ಕ್ಲೋನ್ ಮಾಡುವುದು ನನಗೆ ಒಗ್ಗದು. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲಿನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿ ಹೊಸದಾಗಿ ಹಾಕಿದೆ. ಕೀ ಕೇಳಿದಾಗ "ನನ್ನ ಬಳಿ ಇಲ್ಲ" ಒತ್ತಿದರೆ ಸಾಕು. ಮದರ್‌ಬೋರ್ಡ್ ಅದೇ ಆದ್ದರಿಂದ ಇಂಟರ್ನೆಟ್ ಸಿಕ್ಕಕೂಡಲೇ ಲೈಸೆನ್ಸ್ ತಾನೇ ಕೂತಿತು. ಮೂರೂವರೆ ನಿಮಿಷ ಇದ್ದದ್ದು ಅರ್ಧ ನಿಮಿಷದ ಸುತ್ತಮುತ್ತ ಬಂತು.

ವಿಂಡೋಸ್ 10ನ್ನೇ ಯಾಕೆ ಹಾಕಿದೆ ಅಂದರೆ, ಆ ಆರನೇ ಪೀಳಿಗೆಯ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಮೇಲೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರು ವಿಸ್ತರಿತ ಅಪ್ಡೇಟ್ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್ಡೇಟ್ ಸಿಗುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು, ಅದಕ್ಕೆ ಸೇರಿಸಿದೆ. ಡಿಫೆಂಡರಿನ ವೈರಸ್ ಗುರುತಿನ ಅಪ್ಡೇಟ್ 2028ರ ಅಕ್ಟೋಬರ್‌ವರೆಗೂ ಬರುತ್ತದಂತೆ. ಆದರೆ ಅದು ಕಳ್ಳರ ಫೋಟೋ ಕಳಿಸುವ ಕೆಲಸ, ಮುರಿದ ಚಿಲಕ ಸರಿಮಾಡುವುದಲ್ಲ. 2026ರ ಆ ಗಡುವಿನ ನಂತರ ಈ ಮಷೀನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ ಅಂತ ಭಾವನಿಗೆ ಆಗಲೇ ಹೇಳಿಟ್ಟಿದ್ದೇನೆ.

ಈಗ ಯಾವ ಆಂಟಿವೈರಸ್ ಎಂಬ ಪ್ರಶ್ನೆ. ಭಾವನಿಗೆ ದುಡ್ಡು ಕೊಟ್ಟು ತಂದದ್ದೇ ಗಟ್ಟಿ ಎಂಬ ನಂಬಿಕೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮೂರ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತವೆ, ಹೊರದೇಶದವೂ ಇವೆ. ನಾನು ಜಾಹೀರಾತು ಬಿಟ್ಟು ಎರಡು ಕಡೆ ನೋಡುತ್ತೇನೆ: ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಮೂರಕ್ಕೂ ಆರಾರು ಅಂಕ ಕೊಡುತ್ತದೆ. ಒಟ್ಟು 18ರಲ್ಲಿ ಡಿಫೆಂಡರ್ ಈಚಿನ ವರ್ಷಗಳಲ್ಲಿ ದುಡ್ಡಿನವುಗಳ ಸಾಲಿನಲ್ಲೇ ಇದೆ. ಆದರೆ ಒಂದು ಕೊರತೆ ಎವಿ-ಕಂಪ್ಯಾರೆಟಿವ್ಸ್ ಪರೀಕ್ಷೆಗಳಲ್ಲಿ ಕಾಣುತ್ತದೆ: ಇಂಟರ್ನೆಟ್ ಇಲ್ಲದಾಗ ಡಿಫೆಂಡರಿನ ಪತ್ತೆಶಕ್ತಿ ಇಳಿಯುತ್ತದೆ, ಏಕೆಂದರೆ ಅದು ಕ್ಲೌಡ್‌ನ, ಅಂದರೆ ಇಂಟರ್ನೆಟ್ಟಿನಾಚೆಯ ಮೈಕ್ರೋಸಾಫ್ಟ್ ಕಂಪ್ಯೂಟರುಗಳ, ಮೇಲೆ ಒರಗಿದೆ. ಡಿಟಿಪಿ ಅಂಗಡಿಯ ಪೆನ್‌ಡ್ರೈವ್ ಮತ್ತು ಮಳೆಗೆ ಹೋಗುವ ಲೈನು, ಎರಡೂ ಭಾವನಿಗೆ ಇವೆಯಲ್ಲ. ಹೀಗಾಗಿ ಸ್ವಲ್ಪ ಯೋಚಿಸಬೇಕಾಯಿತು.

ಕಡೆಗೆ ಡಿಫೆಂಡರನ್ನೇ ಇಟ್ಟೆ, ಪೆನ್‌ಡ್ರೈವಿಗೆ ಬೇರೆ ಏರ್ಪಾಡು ಮಾಡಿದೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ನಮ್ಮ ಕಡೆಯ ಜೆರಾಕ್ಸ್, ಡಿಟಿಪಿ ಅಂಗಡಿಗಳ ಖಾಯಂ ಗಿರಾಕಿ. ಪೆನ್‌ಡ್ರೈವ್ ಚುಚ್ಚಿದಮಾತ್ರಕ್ಕೆ ಓಡುವ ಆಟೋರನ್ ವಿಂಡೋಸ್ 7ರಿಂದಲೇ ನಿಂತಿದೆ. ಈಗ ವೈರಸ್ ಒಳಬರುವುದು ನಾವು ಆ ಶಾರ್ಟ್‌ಕಟ್ ಒತ್ತಿದಾಗ. ಆದ್ದರಿಂದ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಎಕ್ಸ್‌ಟೆನ್ಷನ್, ಹಿಡನ್ ಫೈಲ್ ಎರಡೂ ಕಾಣುವಂತೆ ಮಾಡಿದೆ. ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಫೋಲ್ಡರ್ ಕಂಡರೆ ಮುಟ್ಟದೆ ಸ್ಕ್ಯಾನ್ ಮಾಡಿ ಅಂತ ತೋರಿಸಿದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕೊಡುತ್ತಿರುವ ಉಚಿತ ಟೂಲುಗಳಲ್ಲಿ ಯುಎಸ್‌ಬಿ ಪ್ರತಿರೋಧ್ ಎಂಬುದೂ ಒಂದಿದೆ, ಬೇಕಾದವರು ನೋಡಬಹುದು.

ಉಚಿತ ಆಂಟಿವೈರಸ್‌ಗಳ ಮೇಲೆ ನನಗೆ ಅಷ್ಟಾಗಿ ಒಲವಿಲ್ಲ. ಅವಾಸ್ಟ್ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿತ್ತೆಂಬ ಆರೋಪದ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ದುಡ್ಡಿನದು ಯಾರಿಗೆ ಬೇಕು ಅಂದರೆ, ಮಕ್ಕಳ ಮೇಲೆ ಕಣ್ಣಿಡಬೇಕಾದವರಿಗೆ, ಫೋನುಗಳೂ ಸೇರಿ ಮನೆಯ ಎಲ್ಲ ಯಂತ್ರಕ್ಕೂ ಒಂದೇ ಕಡೆಯಿಂದ ನೋಡಿಕೊಳ್ಳಬೇಕು ಅನ್ನುವವರಿಗೆ, ಕರೆ ಮಾಡಿದರೆ ಯಾರಾದರೂ ಎತ್ತಬೇಕು ಅನ್ನುವವರಿಗೆ. ಭಾವನಿಗೆ ಕರೆ ಎತ್ತುವವನು ನಾನೇ ಇದ್ದೇನೆ.

ಡಿಫೆಂಡರ್ ಎಚ್ಚರವಾಗಿದೆಯೇ ಅಂತ ಪರೀಕ್ಷಿಸಲು ಐಕಾರ್ ಎಂಬ 68 ಅಕ್ಷರಗಳ ಒಂದು ಸಾಲಿದೆ. ನಿರುಪದ್ರವಿ, ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಒಪ್ಪಂದ. ನೋಟ್‌ಪ್ಯಾಡಿನಲ್ಲಿ ಅಂಟಿಸಿ ಸೇವ್ ಮಾಡಿದೊಡನೆ ಫೈಲು ಮಾಯವಾಗಿ ಮೂಲೆಯಲ್ಲಿ ಎಚ್ಚರಿಕೆ ಬಂತು. ಭಾವ ಇನ್ನೊಮ್ಮೆ ಮಾಡಿ ತೋರಿಸು ಅಂದರು.

ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಕೂಡ ಆನ್ ಮಾಡಿದೆ. ಮಾರನೆಯ ದಿನವೇ ಫೋನು: "ಲೇಖನ ಸೇವ್ ಆಗುತ್ತಿಲ್ಲ." ಅದು ಗುರುತಿಲ್ಲದ ತಂತ್ರಾಂಶಗಳಿಗೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಬರೆಯಲು ಬಿಡುವುದಿಲ್ಲ, ಭಾವನ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಅನುಮತಿಯ ಪಟ್ಟಿಗೆ ಸೇರಿಸಿದಮೇಲೆ ಸರಿಹೋಯಿತು. ಅಡ್ಮಿನ್ ಖಾತೆ ಬೇರೆ ಇಟ್ಟು ದಿನಬಳಕೆಗೆ ಸಾಮಾನ್ಯ ಖಾತೆ ಮಾಡಿಕೊಟ್ಟದ್ದಕ್ಕೂ ಮೊದಮೊದಲು ಗೊಣಗಿದರು.

ಅಂದಹಾಗೆ, ಭಾವನನ್ನು ಇಷ್ಟು ದಿನ ಹೆದರಿಸುತ್ತಿದ್ದ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್" ಎಂಬ ಎಚ್ಚರಿಕೆ ಯಾವ ಆಂಟಿವೈರಸ್ಸಿನದೂ ಆಗಿರಲಿಲ್ಲ. ಯಾವುದೋ ತಾಣ "ಅಲೋ" ಒತ್ತಿಸಿಕೊಂಡು ಕ್ರೋಮ್ ಮೂಲಕ ಕಳಿಸುತ್ತಿದ್ದ ನೋಟಿಫಿಕೇಶನ್ ಅದು. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ತೆರೆದರೆ ಅಪರಿಚಿತ ತಾಣಗಳ ಪಟ್ಟಿಯೇ ಇತ್ತು. ಎಲ್ಲವನ್ನೂ ತೆಗೆದು, ಮುಂದೆ ಯಾರೂ ಕೇಳದಂತೆ ಮಾಡಿದೆ. ಪರದೆ ತುಂಬಾ ಕೆಂಪಾಗಿ ಫೋನ್ ನಂಬರ್ ತೋರಿಸಿದರೆ ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ, ಆ ನಂಬರಿಗೆ ಮಾತ್ರ ಕರೆ ಮಾಡಬೇಡಿ, ಅವರು ಹೇಳಿದ ರಿಮೋಟ್ ಆ್ಯಪ್ ಹಾಕಬೇಡಿ ಅಂದೆ. ದುಡ್ಡು ಹೋಗಿಬಿಟ್ಟಿತು ಅನ್ನಿಸಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ; ಆ ಸಂಖ್ಯೆಯನ್ನು ಅಕ್ಕ ಫೋನಿನ ಪಕ್ಕದ ಡೈರಿಯಲ್ಲಿ ಬರೆದುಕೊಂಡಿದ್ದಾಳೆ.

ಭಾವನ ಪಾಲಿಗೆ ಉಳಿದ ಕೆಲಸ ಒಂದೇ. ಮೈಕ್ರೋಸಾಫ್ಟ್ ತಿಂಗಳ ಅಪ್ಡೇಟ್ ಬಿಡುವುದು ಎರಡನೇ ಮಂಗಳವಾರ, ನಮಗದು ರಾತ್ರಿ. ಅದರ ಮಾರನೆಯ ಬುಧವಾರ ಬೆಳಗ್ಗೆ ಅಪ್ಡೇಟ್ ನೋಡಿ, ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಬೇಕು. ಬ್ಯಾಟರಿ ಇನ್ನೂ ಬದಲಾಗಿಲ್ಲ, ಹೊಂದುವ ಮಾದರಿ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಗುಡುಗು ಕೇಳಿಸಿದರೆ ಅಪ್ಡೇಟ್ ಮರುದಿನಕ್ಕೆ.