ಮುಖ ಬರೆದರೆ ಪಾತ್ರ ಆಗುವುದಿಲ್ಲ: ಕ್ಯಾರೆಕ್ಟರ್ ಡಿಸೈನ್ ಕಲಿಯುವುದು, ಆನ್‌ಲೈನ್‌ನಲ್ಲಿ ಹಂಚಿಕೊಳ್ಳುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಕೊರತೆ ಇಲ್ಲ. ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜೇ ಇದೆ. ಅದರ ಹೊರಗೂ ಪಿಯುಸಿ, ಡಿಪ್ಲೊಮಾ ಓದುತ್ತಾ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತುಂಬಿಸುವವರು ಎಷ್ಟೋ ಜನ. ಅವರು ಆನ್‌ಲೈನ್‌ನಲ್ಲಿ ಹಾಕುವ ಚಿತ್ರಗಳನ್ನು ನಾನು ತಪ್ಪದೆ ನೋಡುತ್ತೇನೆ. ಹೆಚ್ಚಿನವು ಒಂದೇ ಥರ. ಚಂದದ ಒಂದು ಮುಖ, ಸ್ವಲ್ಪ ಎಡಕ್ಕೆ ತಿರುಗಿದ್ದು, ದೊಡ್ಡ ಕಣ್ಣು, ಹಣೆ ಮೇಲೆ ಬಿದ್ದ ಕೂದಲು, ಕುತ್ತಿಗೆಯಿಂದ ಕೆಳಗೆ ಖಾಲಿ. ಮೈ ಬರೆದಿದ್ದರೂ ಕೈಗಳು ಜೇಬಿನಲ್ಲೋ ಬೆನ್ನ ಹಿಂದೆಯೋ ಇರುತ್ತವೆ. ಕೆಳಗೆ ‘ಹೆಂಗಿದೆ?’ ಅಂತ ಒಂದು ಪ್ರಶ್ನೆ. ಸ್ನೇಹಿತರು ‘ಸೂಪರ್’ ಅನ್ನುತ್ತಾರೆ. ಮುಂದಿನ ವಾರ ಅದೇ ಮುಖ, ಕೂದಲು ಮಾತ್ರ ಬೇರೆ. ಇಷ್ಟು ಒಳ್ಳೆಯ ಕೈ ಇರುವವರು ವರ್ಷಗಟ್ಟಲೆ ಇದೇ ಜಾಗದಲ್ಲಿ ನಿಂತುಬಿಡುವುದನ್ನು ನೋಡಿದರೆ ಬೇಸರವಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಮಿಕ್ಸ್ ಆಗಲಿ, ಆನಿಮೇಷನ್ ಆಗಲಿ, ಗೇಮ್ ಆಗಲಿ, ಪಾತ್ರ ಅಂದರೆ ದೂರದಿಂದ ಕಂಡರೂ, ಬೆನ್ನು ಮಾತ್ರ ಕಂಡರೂ, ಬರೀ ಕಪ್ಪು ನೆರಳು ಕಂಡರೂ ‘ಇದು ಅವರೇ’ ಅಂತ ಗೊತ್ತಾಗಬೇಕು. ಅದೇ ಮನುಷ್ಯನನ್ನು ನೀವು ಮತ್ತೆ ಬರೆದಾಗಲೂ ಅದೇ ಮನುಷ್ಯ ಅನಿಸಬೇಕು.

ಮೊದಲು ಸಾಮಾನು

2ಬಿ ಪೆನ್ಸಿಲ್, ರಬ್ಬರ್, ದಪ್ಪ ಕಪ್ಪು ಮಾರ್ಕರ್ ಅಥವಾ ಬ್ರಷ್ ಪೆನ್, ಒಂದು ಕಟ್ಟು ಜೆರಾಕ್ಸ್ ಕಾಗದ. ಸಾಕು. ದುಬಾರಿ ಸ್ಕೆಚ್ ಪುಸ್ತಕ ಈಗಲೇ ಬೇಡ, ಪುಟ ಹಾಳಾದೀತು ಅನ್ನುವ ಭಯಕ್ಕೆ ಕೈ ಬಿಗಿಯುತ್ತದೆ. ಮಾರ್ಕರ್ ಶಾಯಿ ಕೆಳಗಿನ ಹಾಳೆಗೆ ಇಳಿಯುತ್ತದೆ, ಒಂದು ಹಳೆ ಹಾಳೆ ಅಡಿಗಿಟ್ಟುಕೊಳ್ಳಿ.

ಫೋನಿನಲ್ಲೇ ಬರೆಯುವವರಿಗೆ ಐಬಿಸ್ ಪೇಂಟ್ ಅನ್ನುವ ಆಪ್ ಆದೀತು. ಕಂಪ್ಯೂಟರ್ ಇದ್ದವರು ಕ್ರಿತಾ ಹಾಕಿಕೊಳ್ಳಿ, ಪೂರ್ತಿ ಉಚಿತ, ಮತ್ತು ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ಸಾಫ್ಟ್‌ವೇರ್‌ಗಳ ಕೆಲಸ ಅದರಲ್ಲೇ ಆಗುತ್ತದೆ. ಪ್ರೊಕ್ರಿಯೇಟ್ ಬೇಕೆಂದರೆ ಐಪ್ಯಾಡ್ ಬೇಕು, ಅದಕ್ಕಾಗಿ ಮನೆಯವರನ್ನು ಪೀಡಿಸಬೇಡಿ. ಮೊಬೈಲ್ ಅಂಗಡಿಗಳಲ್ಲಿ ಸಿಗುವ ರಬ್ಬರ್ ತುದಿಯ ಸ್ಟೈಲಸ್ ಮಾತ್ರ ಖಂಡಿತ ಕೊಳ್ಳಬೇಡಿ. ತುದಿ ಎಷ್ಟು ದಪ್ಪ ಅಂದರೆ ಗೆರೆ ಎಲ್ಲಿ ಬೀಳುತ್ತಿದೆ ಅನ್ನುವುದೇ ಕಾಣುವುದಿಲ್ಲ. ಅದಕ್ಕಿಂತ ಬೆರಳೇ ವಾಸಿ. ಬ್ರಷ್ ಪ್ಯಾಕ್‌ಗೂ ದುಡ್ಡು ಸುರಿಯಬೇಡಿ, ಸುಮ್ನೆ ಒಂದು ಗಟ್ಟಿ ಬ್ರಷ್ ಇಟ್ಟುಕೊಂಡು ಕೈ ಪಳಗಿಸಿಕೊಳ್ಳಿ.

ಆಮೇಲೆ ಒಬ್ಬ ಮನುಷ್ಯ

ಪಿನ್‌ಟ್ರೆಸ್ಟ್ ತೆರೆದು ಶುರು ಮಾಡುವುದು ದೊಡ್ಡ ಅಡ್ಡದಾರಿ. ಅಲ್ಲಿರುವುದು ಬೇರೆಯವರು ಆಗಲೇ ಡಿಸೈನ್ ಮಾಡಿ ಮುಗಿಸಿದ ಪಾತ್ರ, ಅದರಿಂದ ನಿಮಗೆ ಸಿಗುವುದು ಅವರ ತೀರ್ಮಾನಗಳು ಮಾತ್ರ. ಹೊರಗೆ ಹೋಗಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರನ್ನು ನೋಡಿ, ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವರನ್ನು ನೋಡಿ, ಎಪಿಎಂಸಿಯಲ್ಲಿ ಮೂಟೆ ಹೊರುವವರನ್ನು ನೋಡಿ. ‘ಅಣ್ಣಾ, ನಿಮ್ದೊಂದು ಚಿತ್ರ ಬರ್ಕೊಳ್ಳಲಾ?’ ಅಂತ ಕೇಳಿಯೇ ಬರೆಯಿರಿ. ಬಹಳಷ್ಟು ಜನ ಬೇಡ ಅನ್ನುವುದಿಲ್ಲ, ಬೇಡ ಅಂದರೆ ಬಿಟ್ಟುಬಿಡಿ.

ಒಂದೊಂದು ಭಂಗಿಗೆ 30 ಸೆಕೆಂಡಿನಿಂದ 2 ನಿಮಿಷ, ಅಷ್ಟೇ. ಮುಖ ಬರೆಯಬೇಡಿ. ಬೆನ್ನು ಎಲ್ಲಿ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಕೈ ಎಷ್ಟು ದೂರ ಚಾಚಿದೆ, ಈ ಮೂರನ್ನು ಹಿಡಿದರೆ ಸಾಕು.

ನೆರಳು: ಎಲ್ಲರೂ ಹಾರಿಸಿಬಿಡುವ ಹಂತ

ಇಲ್ಲಿ ನಿಧಾನವಾಗಿ ಓದಿ. ಕೆಡುವುದೂ ಇಲ್ಲೇ, ಸರಿಹೋಗುವುದೂ ಇಲ್ಲೇ.

ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿ, ಎಂಟು ಮನೆ ಆಗುತ್ತವೆ. ಪೆನ್ಸಿಲ್ ಪಕ್ಕಕ್ಕಿಡಿ. ಹೊರಗೆ ನೋಡಿ ಬರೆದವರಲ್ಲಿ ಒಬ್ಬರನ್ನು ಆರಿಸಿ, ಮಂಡಕ್ಕಿ ಭಟ್ಟಿಯ ಅಣ್ಣ ಅಂತಿಟ್ಟುಕೊಳ್ಳಿ. ಮಾರ್ಕರ್ ತೆಗೆದುಕೊಂಡು ಪ್ರತಿ ಮನೆಯಲ್ಲೂ ಅದೇ ಮನುಷ್ಯನನ್ನು ಬೆರಳುದ್ದಕ್ಕೆ, ಪೂರ್ತಿ ಕಪ್ಪಾಗಿ ಬರೆಯಿರಿ. ಮೊದಲು ಹೊರಗೆರೆ ಎಳೆದು ಆಮೇಲೆ ಒಳಗೆ ತುಂಬುವವರೇ ಜಾಸ್ತಿ, ಹಾಗೆ ಮಾಡಬೇಡಿ. ಹೊರಗೆರೆ ಎಳೆದ ಕೂಡಲೇ ಮನಸ್ಸು ಗುಂಡಿ, ಜೇಬು, ಮೂಗಿನ ಕಡೆ ಓಡುತ್ತದೆ. ನಡುವಿನಿಂದ ಶುರುಮಾಡಿ, ಹೊಟ್ಟೆಯಿಂದ ಹೊರಕ್ಕೆ ಕಪ್ಪು ಬೆಳೆಸುತ್ತಾ ಹೋಗಿ. ಒಳಗೆ ಒಂದು ಬಿಳಿ ಗೆರೆಯೂ ಬೇಡ.

ಪ್ರತಿ ಮನೆಗೂ ಒಂದು ಮೂಲ ಆಕಾರ ಇರಲಿ. ದುಂಡಗಿನದು ಮೆತ್ತಗೆ, ಸ್ನೇಹದಿಂದ ಕಾಣುತ್ತದೆ. ಚೌಕ ಗಟ್ಟಿಯಾಗಿ, ಅಲುಗದ ಹಾಗೆ. ತ್ರಿಕೋನ ಚುರುಕಾಗಿ, ಕೆಲವೊಮ್ಮೆ ಅಪಾಯಕಾರಿಯಾಗಿ. ಇದು ಆನಿಮೇಷನ್‌ನವರು ಬಹಳ ಕಾಲದಿಂದ ಬಳಸುವ ಲೆಕ್ಕಾಚಾರ. ಭಟ್ಟಿ ಅಣ್ಣನನ್ನು ಒಮ್ಮೆ ದೊಡ್ಡ ಚೌಕ ಮಾಡಿ, ಒಮ್ಮೆ ಕೆಳಗೆ ಅಗಲವಾದ ತ್ರಿಕೋನ ಮಾಡಿ, ಒಮ್ಮೆ ಬಾಗಿದ ಕೊಕ್ಕೆ ಮಾಡಿ. ಅಳತೆಯನ್ನೂ ಬದಲಿಸಿ. ನಿಜವಾದ ದೊಡ್ಡ ಮನುಷ್ಯ ತನ್ನ ತಲೆಯ ಏಳೂವರೆ ಪಟ್ಟು ಎತ್ತರ ಇರುತ್ತಾನೆ ಅಂತ ಕಲಾಶಾಲೆಗಳಲ್ಲಿ ಕಲಿಸುತ್ತಾರೆ. ದೊಡ್ಡ ತಲೆ, ಪುಟ್ಟ ಮೈಯ ಜಪಾನಿ ಚಿಬಿ ಶೈಲಿಯಲ್ಲಿ ಅದು ಎರಡು ಮೂರು ತಲೆಗೆ ಇಳಿಯುತ್ತದೆ. ಒಂದು ಮನೆಯಲ್ಲಿ ನಾಲ್ಕು ತಲೆ, ಇನ್ನೊಂದರಲ್ಲಿ ಒಂಬತ್ತು ತಲೆ ಮಾಡಿ ನೋಡಿ, ಮನುಷ್ಯನ ಸ್ವಭಾವವೇ ಬದಲಾಗುತ್ತದೆ. ಎಂಟರಲ್ಲೂ ಕೂದಲು ಮಾತ್ರ ಬದಲಾಗಿದ್ದರೆ ಹಾಳೆ ಪಕ್ಕಕ್ಕಿಟ್ಟು ಹೊಸದಾಗಿ ಶುರುಮಾಡಿ.

ಈಗ ಕೈಗಳು. ಕೈ ಎದೆ ಮೇಲೆ ಬಂದರೆ ನೆರಳಿನಲ್ಲಿ ಅದು ಮಾಯ. ಕೈ ಮತ್ತು ಮೈ ನಡುವೆ ಬಿಳಿ ಕಿಂಡಿ ಕಾಣಬೇಕು. ಕಾಲುಗಳ ನಡುವೆಯೂ ಅಷ್ಟೇ. ಭಟ್ಟಿ ಅಣ್ಣನ ಜರಡಿ ಹೊಟ್ಟೆಗೆ ಅಂಟಿಕೊಂಡಿದ್ದರೆ ಅದು ಹೊಟ್ಟೆಯೇ ಅನಿಸುತ್ತದೆ. ಎರಡೂ ಕೈ ಚಾಚಿ ಜರಡಿಯನ್ನು ಮೈಯಿಂದ ದೂರ ಹಿಡಿಸಿ, ಬೇಕಿದ್ದರೆ ನಿಜಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿ. ತಲೆಗೆ ಸುತ್ತಿದ ಟವೆಲಿನ ತುದಿ ಒಂದು ಕಡೆ ಹೊರಗೆ ಚಾಚಿಕೊಂಡಿರಲಿ, ಆ ಒಂದು ತುದಿಯಿಂದಲೇ ನೆರಳು ಗುರುತು ಸಿಗುತ್ತದೆ.

ಚಿತ್ರದುರ್ಗದವರಿಗೆ ಇದನ್ನು ಓಬವ್ವನಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಒನಕೆ ಓಬವ್ವನನ್ನು ಬರೆಯದ ಹುಡುಗರೇ ಅಲ್ಲಿಲ್ಲ. ಆದರೆ ಎಷ್ಟೋ ಚಿತ್ರಗಳಲ್ಲಿ ಒನಕೆ ಮೈ ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತದೆ, ಕಪ್ಪು ಬಳಿದರೆ ಸೀರೆಯೊಳಗೆ ಸೇರಿಹೋಗುತ್ತದೆ. ಅದನ್ನು ಓರೆಯಾಗಿ ತಲೆಯ ಮೇಲಕ್ಕೆತ್ತಿಸಿ, ಆಗ ಬೇರೆ ಏನೂ ಬೇಡ. ಅಲ್ಲಿಗೇ ನಿಲ್ಲಿಸಬೇಡಿ. ಒನಕೆಯನ್ನು ಬೆರಳಿನಿಂದ ಮುಚ್ಚಿ ನೋಡಿ, ಈಗಲೂ ಅವಳು ಓಬವ್ವನೇ? ಕಥೆ ನೆನಪಿಸಿಕೊಳ್ಳಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಬಂದ ಹೆಂಗಸು ಅವಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುವುದನ್ನು ಕಂಡು ಕೈಗೆ ಸಿಕ್ಕ ಒನಕೆ ಎತ್ತಿಕೊಂಡವಳು. ಹಾಗಾಗಿ ಅವಳಿಗೆ ಕವಚ, ಕತ್ತಿ, ಕಿರೀಟ ಯಾವುದೂ ಬೇಡ. ಮೇಲಕ್ಕೆ ಕಟ್ಟಿದ ಸೀರೆ, ಗಂಟು ಹಾಕಿದ ಕೂದಲು, ಕಿಂಡಿ ಕಡೆ ಬಾಗಿ ಹಿಂಗಾಲಿನ ಮೇಲೆ ಭಾರ ಹಾಕಿ ಸದ್ದಿಲ್ಲದೆ ಕಾಯುವ ಮೈ ಬೇಕು. ಒಮ್ಮೆ ಕೋಟೆಗೆ ಹೋಗಿ ಓಬವ್ವನ ಕಿಂಡಿ ಎಷ್ಟು ಇಕ್ಕಟ್ಟು ಅಂತ ನೋಡಿ ಬಂದರೆ ಆ ಭಂಗಿ ತಾನಾಗಿ ಬರುತ್ತದೆ. ಸಿನಿಮಾದಲ್ಲಿ ಕಂಡ ಓಬವ್ವನನ್ನು ನಕಲು ಮಾಡಬೇಡಿ, ಅದು ಬೇರೆಯವರ ಡಿಸೈನ್. ಕಥೆ ಮಾತ್ರ ಎಲ್ಲರದ್ದು.

ಎಂಟೂ ಆದ ಮೇಲೆ ಹಾಳೆಯನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಿ. ಕಣ್ಣು ಅರೆ ಮುಚ್ಚಿ ನೋಡಿ. ಹಾಳೆ ತಿರುಗಿಸಿ ಕಿಟಕಿ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ, ಒಂದೇ ಕಡೆ ವಾಲಿದ್ದರೆ ತಕ್ಷಣ ಕಾಣುತ್ತದೆ. ಮನೆಯಲ್ಲಿ ಚಿತ್ರ ಬರೆಯದ ಯಾರಿಗಾದರೂ ತೋರಿಸಿ ‘ಇವರು ಏನು ಮಾಡ್ತಿದಾರೆ?’ ಅಂತ ಕೇಳಿ. ‘ಚೆನ್ನಾಗಿದೆಯಾ?’ ಅಂತ ಕೇಳಬೇಡಿ, ಅಮ್ಮ ಹೂಂ ಅಂದೇ ಅನ್ನುತ್ತಾರೆ ಅಲ್ವಾ. ಅವರು ಸರಿಯಾಗಿ ಹೇಳಿದ ಮೂರನ್ನು ಆರಿಸಿ. ಒಂದರ ಬೆನ್ನು, ಇನ್ನೊಂದರ ಕೈ ಸೇರಿಸಿ ಒಂಬತ್ತನೆಯದು ಬರೆಯಿರಿ. ನಿಮ್ಮ ಪಾತ್ರ ಸಾಮಾನ್ಯವಾಗಿ ಆ ಒಂಬತ್ತನೆಯದರಲ್ಲೇ ಸಿಗುತ್ತದೆ.

ಸುತ್ತ ತಿರುಗಿಸಿ ನೋಡುವುದು

ಉದ್ದಕ್ಕೆ ಅಡ್ಡ ಗೆರೆಗಳನ್ನು ಎಳೆಯಿರಿ: ನೆತ್ತಿ, ಗಲ್ಲ, ಭುಜ, ಸೊಂಟ, ಮಂಡಿ, ಪಾದ. ಆ ಗೆರೆಗಳ ಮೇಲೆ ಅದೇ ಪಾತ್ರದ ಮುಂಭಾಗ, ಮುಕ್ಕಾಲು ತಿರುವು, ಪಕ್ಕ, ಬೆನ್ನು. ಇಲ್ಲಿ ಸೀರೆ ಸೆರಗು ಎಲ್ಲರನ್ನೂ ಸಿಕ್ಕಿಸುತ್ತದೆ. ಸೆರಗು ಉಟ್ಟವಳ ಎಡ ಭುಜದ ಮೇಲಿದ್ದರೆ ಮುಂದಿನಿಂದ ನೋಡುವಾಗ ನಿಮ್ಮ ಬಲಕ್ಕೆ, ಬೆನ್ನಿನಿಂದ ನೋಡುವಾಗ ನಿಮ್ಮ ಎಡಕ್ಕೆ ಬರಬೇಕು. ಅಂಗಿ ಜೇಬಿಗೂ ಇದೇ ಮಾತು. ಮುಂದಿನ ಚಿತ್ರವನ್ನು ತಿರುಗುಮುರುಗು ಮಾಡಿ ಬೆನ್ನು ಅಂತ ತೋರಿಸುವ ಅಡ್ಡದಾರಿ ನೋಡಿದ ಕೂಡಲೇ ಗೊತ್ತಾಗುತ್ತದೆ.

ಸಿಟ್ಟು, ನಗು, ಭಯ, ದಣಿವಿನ ಮುಖಗಳನ್ನು ಈಗ ಬರೆಯಿರಿ, ಭುಜ ಸೇರಿಸಿ. ಬಣ್ಣ ಮೂರೋ ನಾಲ್ಕೋ ಸಾಕು, ಕಪ್ಪು ಬಿಳುಪು ಮಾಡಿದಾಗಲೂ ಬೇರೆ ಬೇರೆ ಕಾಣಬೇಕು.

ಫೋಟೊ

ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲಾಶ್ ಇಲ್ಲದೆ. ಫೋನ್ ಹಾಳೆಗೆ ಸಮಾನಾಂತರ ಇರಲಿ, ಸ್ವಲ್ಪ ಮೇಲಕ್ಕೆ ಹಿಡಿದು ಜೂಮ್ ಮಾಡಿ. ದಾಖಲೆ ಸ್ಕ್ಯಾನ್ ಮಾಡುವ ಆಪ್‌ಗಳು ಅಕ್ಷರಕ್ಕೆ ಮಾಡಿದ್ದು, ತಿಳಿ ಪೆನ್ಸಿಲ್ ಗೆರೆಯನ್ನು ಕೊಳೆ ಅಂತ ಅಳಿಸಿಬಿಡುತ್ತವೆ. ಡಿಜಿಟಲ್ ಆದರೆ ಲೇಯರ್ (ಒಂದರ ಮೇಲೊಂದು ಪದರ) ಇರುವ ಮೂಲ ಫೈಲ್ ಉಳಿಸಿಕೊಂಡು ಪಿಎನ್‌ಜಿ ಹಾಕಿ. ಮುಂದೆ ಪ್ರಿಂಟ್ ಮಾಡಿಸುವ ಆಸೆ ಇದ್ದರೆ ಮೊದಲೇ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಟ್ಟುಕೊಳ್ಳಿ, ಎ4 ಹಾಳೆಗೆ 2480 × 3508 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಎಲ್ಲಿ ಹಾಕುವುದು, ಏನು ಕೇಳುವುದು

ಚಿತ್ರ ಹಂಚಿಕೊಳ್ಳುವ ತಾಣಗಳಲ್ಲಿ ಡೀವಿಯಂಟ್‌ಆರ್ಟ್ 2000ದಿಂದ ಇದೆ, ಕಲಿಯುವವರಿಗೂ ಜಾಗ ಇದೆ. ಆರ್ಟ್‌ಸ್ಟೇಷನ್‌ನಲ್ಲಿ ಗೇಮ್, ಸಿನಿಮಾದ ವೃತ್ತಿಪರರೇ ಜಾಸ್ತಿ, ಸದ್ಯ ನೋಡಿ ಕಲಿಯಲು ಇಟ್ಟುಕೊಳ್ಳಿ. ಪಿಕ್ಸಿವ್ ಜಪಾನಿನದು, ಮಾಂಗಾ (ಜಪಾನಿ ಕಾಮಿಕ್ಸ್) ಶೈಲಿಯವರಿಗೆ ಹಿಡಿಸುತ್ತದೆ. ಇನ್‌ಸ್ಟಾಗ್ರಾಂನಲ್ಲಿ ನೋಡುವವರು ಬಹಳ, ತಿದ್ದುವವರು ಕಡಿಮೆ. ಎಲ್ಲ ಕಡೆ ಒಟ್ಟಿಗೆ ಹಾಕಬೇಡಿ, ತಿದ್ದುವ ಜನ ಇರುವ ಒಂದು ಕಡೆ ನೆಲೆಯೂರಿ. ಪ್ರತಿ ವರ್ಷ ಜುಲೈನಲ್ಲಿ ಆರ್ಟ್ ಫೈಟ್ ಅನ್ನುವ ಆನ್‌ಲೈನ್ ಆಟ ನಡೆಯುತ್ತದೆ, ಅಲ್ಲಿ ಒಬ್ಬರ ಪಾತ್ರವನ್ನು ಇನ್ನೊಬ್ಬರು ಬರೆಯುತ್ತಾರೆ. ನಿಮ್ಮ ಪಾತ್ರದ ಬೆನ್ನು ಹೇಗಿದೆ ಅಂತ ನೀವು ತೋರಿಸದಿದ್ದರೆ ಅವರು ಬರೆಯುವುದು ಹೇಗೆ? ನಾಲ್ಕೂ ಕಡೆಯ ಹಾಳೆ ಮಾಡಿಸಲು ಅದಕ್ಕಿಂತ ಒಳ್ಳೆಯ ನೆಪ ಇಲ್ಲ.

ಮುಗಿದ ಚಿತ್ರ ಮಾತ್ರ ಹಾಕಬೇಡಿ. ಎಂಟು ನೆರಳಿನ ಹಾಳೆಯನ್ನು ಸಂಖ್ಯೆ ಬರೆದು ಹಾಕಿ. ‘ಹೆಂಗಿದೆ?’ ಬಿಟ್ಟು ಹೀಗೆ ಕೇಳಿ: ‘ಇವರು ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವವರು, ವಯಸ್ಸು 50. ಎರಡು ಮತ್ತು ಐದರಲ್ಲಿ ಯಾವುದರಲ್ಲಿ ಸೆಕೆ, ದಣಿವು ಕಾಣುತ್ತದೆ? ಜರಡಿ ಹಿಡಿದ ಎಡಗೈ ಸರಿ ಅನಿಸುತ್ತಿಲ್ಲ, ಯಾಕೆ? ಮೇಲೆ ಗೆರೆ ಎಳೆದು ತೋರಿಸಿದರೂ ಪರವಾಗಿಲ್ಲ.’ ಹೊರಗಿನವರಿಗೆ ಮಂಡಕ್ಕಿ ಭಟ್ಟಿ ಗೊತ್ತಿರುವುದಿಲ್ಲ, ಅದಕ್ಕೇ ಆ ಮೊದಲ ವಾಕ್ಯ ಬೇಕು. ಇಂಗ್ಲಿಷ್ ಅಷ್ಟಕ್ಕಷ್ಟೇ ಆದರೂ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ, ಯಾರೂ ವ್ಯಾಕರಣ ನೋಡುವುದಿಲ್ಲ.

ನೀವು ಕೇಳುವ ಮೊದಲು ಬೇರೆ ಮೂವರ ಚಿತ್ರಕ್ಕೆ ಇಷ್ಟೇ ವಿವರವಾಗಿ ಬರೆಯಿರಿ. ಬೇರೆಯವರ ಚಿತ್ರದಲ್ಲಿ ಭಾರ ಯಾವ ಕಾಲಿನ ಮೇಲಿದೆ ಅಂತ ಹುಡುಕುವಾಗ ನಿಮ್ಮ ಕಣ್ಣೂ ಪಳಗುತ್ತದೆ. ಉತ್ತರ ಬಂದ ದಿನ ವಾದ ಬೇಡ. ಒಬ್ಬರು ಹೇಳಿದ್ದು ಅವರ ರುಚಿ ಇರಬಹುದು. ಪರಿಚಯವಿಲ್ಲದ ಮೂವರು ಒಂದೇ ಜಾಗ ತೋರಿಸಿದರೆ ಅಲ್ಲೇನೋ ಇದೆ. ಹಳೆಯದನ್ನೇ ತಿದ್ದುತ್ತಾ ಕೂರದೆ ಹೊಸದಾಗಿ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟು ಹಾಕಿ, ಸಲಹೆ ಕೊಟ್ಟವರು ಮತ್ತೆ ಬರುತ್ತಾರೆ.

ಹಕ್ಕು, ಕಳ್ಳತನ, ದುಡ್ಡು

ನಿಮ್ಮ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯ ಅಲ್ಲ, ಹಕ್ಕು ಕಲಾವಿದರ ಜೀವಮಾನ ಮತ್ತು ಅದರ ನಂತರ 60 ವರ್ಷ ಇರುತ್ತದೆ. ಯಾರಾದರೂ ಕದ್ದರೆ ತೋರಿಸಲು ಸ್ಕೆಚ್ ಹಾಳೆ, ಲೇಯರ್ ಫೈಲ್ ಕೆಲಸಕ್ಕೆ ಬರುತ್ತವೆ. ಸಹಿಯನ್ನು ಪಾತ್ರದ ಕಾಲ ಹತ್ತಿರ ಸಣ್ಣದಾಗಿ ಹಾಕಿ, ಮೂಲೆಯಲ್ಲಿದ್ದರೆ ಕತ್ತರಿಸುತ್ತಾರೆ. ನಿಮ್ಮ ಶೈಲಿಯನ್ನು ಎಐ ನಕಲು ಮಾಡುವುದನ್ನು ಕಷ್ಟ ಮಾಡಲು ಷಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್ ಅನ್ನುವ ಉಚಿತ ಸಾಧನ ಬಿಟ್ಟಿದ್ದಾರೆ, ಪೂರ್ತಿ ರಕ್ಷಣೆ ಅಲ್ಲ, ಆದರೂ ಬಳಸಬಹುದು. ಟ್ರೇಸ್ ಮಾಡಿದ್ದನ್ನು ಟ್ರೇಸ್ ಅಂತಲೇ ಹೇಳಿ. ಎಐ ಮಾಡಿದ್ದನ್ನು ನಿಮ್ಮದು ಅಂತ ಹಾಕಲೇಬೇಡಿ.

ಪಾತ್ರದ ಪೂರ್ತಿ ಹಾಳೆ ಹಾಕಿದವರಿಗೆ ‘ನನಗೂ ಒಂದು ಬರೆದುಕೊಡಿ’ ಅನ್ನುವ ಸಂದೇಶಗಳು ಬರುತ್ತವೆ, ಅದರಲ್ಲಿ ಮೋಸದವರೂ ಇರುತ್ತಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯ ಯಾವತ್ತೂ ಇಲ್ಲ. ಕ್ಯೂಆರ್ ಕಳಿಸಿ ‘ಪಿನ್ ಹಾಕಿ, ದುಡ್ಡು ಬರುತ್ತೆ’ ಅಂದವರನ್ನು ಅಲ್ಲೇ ಬ್ಲಾಕ್ ಮಾಡಿ. 18 ತುಂಬದವರು ಮನೆಯಲ್ಲಿ ಹೇಳಿಯೇ ಕೆಲಸ ಒಪ್ಪಿಕೊಳ್ಳಿ. ಅರ್ಧ ದುಡ್ಡು ನೆರಳು ಹಂತ ಒಪ್ಪಿಗೆ ಆದ ಕೂಡಲೇ ತೆಗೆದುಕೊಳ್ಳಿ, ಎಷ್ಟು ಸಲ ತಿದ್ದಿಕೊಡುತ್ತೀರಿ ಅಂತ ಮೊದಲೇ ಬರೆದುಕೊಡಿ, ದೊಡ್ಡ ಫೈಲ್ ಉಳಿದರ್ಧ ಖಾತೆಗೆ ಬಂದ ಮೇಲೆಯೇ ಕಳಿಸಿ.