ಒಂದು ಬಾಲ್ದಿ ಉಪ್ಪುನೀರು, ಒಂದು ಹೊಸ ಬಸವನಹುಳು

"ಬಾಲ್ದಿಯಲ್ಲಿ ಹೊಸ ಪ್ರಭೇದ ಸಿಗುವುದಾದರೆ ನಾವೆಲ್ಲ ಬೋಟಿಗೆ ಬಾಡಿಗೆ ಯಾಕೆ ಕೊಡ್ತಿದ್ದೆವು ಮಾಷ್ಟ್ರೇ?" ಎಂದು ನಕ್ಕವರು ಇದನ್ನು ಓದಬೇಕು. ಬಾಲ್ದಿಯಲ್ಲೇ ಸಿಕ್ಕಿದ ಹೊಸ ಕಡಲ ಬಸವನಹುಳುವಿನ ಬಗ್ಗೆ ನಾನು ಬರೆದ ವೈಜ್ಞಾನಿಕ ಲೇಖನ ಕಳೆದ ತಿಂಗಳು ಸ್ವೀಕಾರವಾಯಿತು. ಪ್ರಭೇದದ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಪ್ರಕಟಣೆಗೆ ಮೊದಲೇ ಹೆಸರು ಎಲ್ಲಾದರೂ ಉದುರಿದರೆ ಆಗುವ ತಲೆನೋವು ಈ ಕೆಲಸ ಮಾಡುವವರಿಗೆಲ್ಲ ಗೊತ್ತು.

ಹುಳ ಟ್ರೈಫೋರಿಡೇ ಎಂಬ ಸಣ್ಣ ಕಡಲ ಬಸವನಹುಳುಗಳ ಕುಟುಂಬದ್ದು, ಉದ್ದ ಹೆಚ್ಚೆಂದರೆ ಮೂರೂವರೆ ಮಿಲಿಮೀಟರ್. ಮಂಜೇಶ್ವರದಿಂದ ಬೇಕಲದವರೆಗೆ ಮರಳು ಜರಡಿ ಹಿಡಿಯುತ್ತಾ ಎರಡು ವರ್ಷ ಕಳೆದೆ. ಸಿಕ್ಕಿದ್ದೆಲ್ಲ ಸತ್ತ ಚಿಪ್ಪು, ತೆರೆಗೆ ಉರುಳಿ ತುದಿ ಸವೆದದ್ದು. ಪ್ರೊಟೊಕಾಂಕ್, ಅಂದರೆ ಮರಿಯಾಗಿದ್ದಾಗಿನ ಚಿಪ್ಪಿನ ತುದಿ, ಇಲ್ಲದ ಟ್ರೈಫೋರಿಡ್ ಕೈಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇವು ಸ್ಪಂಜು ಎಂಬ ಕಡಲಜೀವಿಯನ್ನು ತಿಂದು ಬದುಕುವವು ಎಂಬುದು ಗೊತ್ತಿದ್ದೂ ನಾನು ಮರಳಿಗೆ ಅಂಟಿಕೊಂಡದ್ದು ದಡ್ಡತನ. ಮೂರನೇ ವರ್ಷ ಅಮಾವಾಸ್ಯೆಯ ಇಳಿತಕ್ಕೆ ಹೋಗಿ, ಸ್ಪಂಜು ಹಿಡಿದ ಮುರಕಲ್ಲಿನ ತುಂಡುಗಳನ್ನು ಬಾಲ್ದಿಗೆ ಹಾಕಿ, ಮುಳುಗುವಷ್ಟು ಕಡಲ ನೀರು ತುಂಬಿಸಿ ಮನೆಗೆ ತಂದೆ. ರಾತ್ರಿ ಇಟ್ಟರೆ ನೀರು ಕೆಡುತ್ತದೆ, ಉಸಿರು ಕಟ್ಟಿದ ಹುಳಗಳು ಮೇಲೆ ಹತ್ತುತ್ತವೆ. ಮೊದಲ ಸಲ ಸೆಕೆಗೆ ಎಲ್ಲ ತಳದಲ್ಲೇ ಸತ್ತು ನಾರಿದವು. ಎರಡನೆಯ ಸಲ ಬೆಳಗ್ಗೆ ನಾನು ಏಳುವಷ್ಟರಲ್ಲಿ ಮನೆಯವಳು ಬಾಲ್ದಿಯನ್ನು ತೆಂಗಿನ ಬುಡಕ್ಕೆ ಕವುಚಿ ತೊಳೆದಿಟ್ಟಿದ್ದಳು. ಮೂರನೆಯ ಸಲ, ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದರೆ ನೀರಿನ ಗೆರೆಯ ಮೇಲೆ ಕಂದು ಬಣ್ಣದ ಏಳು ಸೂಜಿಮೊನೆಗಳು, ಒಂದೊಂದೂ ಕೋಡು ಚಾಚಿ ನಿಧಾನ ಹತ್ತುತ್ತಿವೆ. ಬಾಲ್ದಿಯನ್ನು ಎಲ್ಲಿಡಬೇಕು, ಅಂಚಿಗೆ ಏನು ಸವರಬೇಕು ಎಂಬೆರಡು ವಿಷಯ ಸದ್ಯಕ್ಕೆ ನನ್ನಲ್ಲೇ ಇರಲಿ.

ನೆರೆಮನೆಯ ಜೋಯಿಸರು ಲೆನ್ಸಿನಲ್ಲಿ ನೋಡಿ ಕುಣಿದೇಬಿಟ್ಟರು: "ಇದು ಬಲಮುರಿಯಲ್ವಾ ಮಾರಾಯ್ರೆ!" ಅವರು ಹೇಳಿದ್ದು ಸರಿಯೇ. ಚಿಪ್ಪು ಅಭ್ಯಾಸ ಮಾಡುವ ನಾವು ಎಡಸುರುಳಿ ಅನ್ನುವುದನ್ನೇ ಪೂಜೆಯವರು ಬಲಮುರಿ ಅನ್ನುವುದು. ಶಂಖದಲ್ಲಿ ಅದು ಲಕ್ಷಕ್ಕೊಂದು, ಈ ಕುಟುಂಬದಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಗೆಯೇ. ಬೆಲೆ ಕೇಳಿದರು. ನಾನು ಖರ್ಚಿನ ಪಟ್ಟಿ ತೋರಿಸಿದೆ.

ಖರ್ಚು ಬರೆಯದಿದ್ದರೆ ಅನುಭವ ಬರೆದಂತಾಗದು. ಆಮ್ಲ ತಗ್ಗಿಸುವ ಬೊರಾಕ್ಸ್ ಹಾಕದೆ, ಹುಳ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಇಪ್ಪತ್ತು ಚಿಲ್ಲರೆ ಹುಳ ಇಟ್ಟೆ, ತಿಂಗಳೊಳಗೆ ಚಿಪ್ಪು ಸುಣ್ಣದ ಪುಡಿ. ನನ್ನ ಸೋಮಾರಿತನ, ಬೇರೆಯವರನ್ನು ದೂರುವಂತಿಲ್ಲ. ಆಮೇಲೆ ಎಲ್ಲ ಸ್ಪಿರಿಟಿಗೆ ಹೋಯಿತು. ಡಿಎನ್ಎಗೆ ಎಂಟು ಮಾದರಿ ಕಳಿಸಿ ಹನ್ನೆರಡು ಸಾವಿರದಷ್ಟು ಕೊಟ್ಟೆ. ಐದರಲ್ಲಿ ಬಂದದ್ದು ಸ್ಪಂಜಿನ ಅನುಕ್ರಮ, ಅಂದರೆ ಹುಳದ ಹಿಂದಿನ ದಿನದ ಊಟ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಕ್ಕೆ, ಅಂದರೆ ಎಸ್ಇಎಮ್‌ಗೆ ಮಂಗಳೂರಿಗೆ ಮೂರು ಸಲ ಹೋದೆ, ಚಿನ್ನದ ಲೇಪವೂ ಸೇರಿ ಒಂಬತ್ತು ಹತ್ತು ಸಾವಿರ. ಮೊದಲ ಸಲ ಉಪ್ಪು ಸರಿಯಾಗಿ ತೊಳೆಯದೆ ಚಿತ್ರವೆಲ್ಲ ಬೆಳ್ಳಗೆ. ಎರಡನೆಯ ಸಲಕ್ಕೆ ಜಾಣನಾಗಿ, ಪೇಟೆಯ ಕನ್ನಡಕದ ಅಂಗಡಿಯ ಅಲ್ಟ್ರಾಸಾನಿಕ್ ಡಬ್ಬಿಯಲ್ಲಿ ತೊಳೆಸಿದೆ. ಹತ್ತು ಸೆಕೆಂಡು ಸಾಕಿತ್ತು, ಅವ ಒಂದು ನಿಮಿಷ ಬಿಟ್ಟ. ಹೋಲೋಟೈಪ್, ಅಂದರೆ ಪ್ರಭೇದದ ಹೆಸರಿಗೆ ಆಧಾರವಾಗುವ ಮೂಲಮಾದರಿ, ಮಾಡಬೇಕೆಂದಿದ್ದ ಚಿಪ್ಪಿನ ತುದಿ ಹಾರಿತು. ಒಟ್ಟು ಮೂವತ್ತೆಂಟು ಸಾವಿರವಾದರೂ ಆಗಿರಬೇಕು, ಎಲ್ಲ ಅಡಿಕೆಯ ದುಡ್ಡು.

ರ‍್ಯಾಡ್ಯುಲಾ ಅಂದರೆ ಹುಳದ ಹಲ್ಲುಪಟ್ಟಿ, ಅದು ಇನ್ನೊಂದು ಕಥೆ. ಬ್ಲೀಚ್‌ನಲ್ಲಿ ಮಾಂಸ ಕರಗಿದ ಮೇಲೆ ಉಳಿಯುವ ಪಟ್ಟಿ ಕಣ್ಣಿಗೇ ಕಾಣದು. ನಾಲ್ಕು ಪಟ್ಟಿಗಳು ಪಿಪೆಟ್ಟಿನ ಗೋಡೆಗೆ ಅಂಟಿ ಹೋದವು. ಕೊನೆಗೆ ಊದುಕಡ್ಡಿಯ ತುದಿಗೆ ಮಗಳ ರೆಪ್ಪೆಗೂದಲು ಅಂಟಿಸಿ ಐದನೆಯದನ್ನು ಎತ್ತಿ ಚಿತ್ರ ತೆಗೆಸಿದೆ. ಅಂಥ ಚಿತ್ರ ಈ ಕಡೆ ಬೇರೆಯವರು ತೆಗೆದದ್ದನ್ನು ನಾನಂತೂ ನೋಡಿಲ್ಲ.

ನಡುವೆ ಒಂದು ಹುಚ್ಚು: ತೆಂಗಿನ ಗೆರಟೆಗಳನ್ನು ಹಗ್ಗಕ್ಕೆ ಕಟ್ಟಿ ಬಂಡೆ ಸಂದಿಯಲ್ಲಿ ಇಳಿಬಿಟ್ಟೆ, ಸ್ಪಂಜು ಬೆಳೆದೀತೆಂದು. ಹನ್ನೆರಡರಲ್ಲಿ ಒಂಬತ್ತನ್ನು ಮಳೆಗಾಲದ ಕಡಲು ಕೊಂಡುಹೋಯಿತು. ಉಳಿದ ಮೂರರಲ್ಲಿ ಸ್ಪಂಜಲ್ಲ, ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಬೆಳೆದಿತ್ತು.

ದೊಡ್ಡ ಆಕ್ಷೇಪ ಬಂದದ್ದು ಹಿರಿಯರೊಬ್ಬರಿಂದ: "ಇದು ಗೊತ್ತಿರುವುದರದ್ದೇ ಮರಿ." ಮರಿಯಾದರೆ ಚಿಪ್ಪಿನ ಬಾಯಿಯ ಮುಂದಿನ ಕಾಲುವೆ ತೆರೆದಿರಬೇಕು. ನನ್ನ ಹನ್ನೊಂದರಲ್ಲಿ ಒಂಬತ್ತರದ್ದು ಮುಚ್ಚಿ ಕೊಳವೆಯಾಗಿತ್ತು. ಮೆಲ್‌ವಿಲ್ ಎಂಬ ಚಿಪ್ಪುತಜ್ಞ 1890ರ ದಶಕದಲ್ಲಿ ಮುಂಬಯಿಯ ಚಿಪ್ಪುಗಳ ಬಗ್ಗೆ ಬರೆದದ್ದರಿಂದ ಹಿಡಿದು ಸಿಕ್ಕಿದ್ದನ್ನೆಲ್ಲ ಕೂತು ಹೋಲಿಸಿದೆ. ಚಿಪ್ಪಿನ ಮೇಲಿನ ನಡುವಿನ ಮಣಿಸಾಲು ಎಷ್ಟನೇ ಸುತ್ತಿನಲ್ಲಿ ಹುಟ್ಟುತ್ತದೆ ಎಂಬುದರಲ್ಲೇ ನನ್ನದು ಬೇರೆ ನಿಂತಿತು. ಹಿರಿಯರು ಆಮೇಲೆ ಫೋನು ಮಾಡಿಲ್ಲ.

ಲೇಖನದ ವಿಮರ್ಶಕರು ಹಿಡಿದದ್ದು ನನ್ನ ವ್ಯಾಕರಣವನ್ನು. ವೈಜ್ಞಾನಿಕ ಹೆಸರಿನ ಮೊದಲ ಭಾಗವಾದ ಕುಲನಾಮ ಸ್ತ್ರೀಲಿಂಗ, ನಾನು ಕೊಟ್ಟ ವಿಶೇಷಣ ಪುಲ್ಲಿಂಗ. ತಿದ್ದಿದೆ. ಪ್ರಾಣಿಗಳ ಹೊಸ ಹೆಸರು ದಾಖಲಿಸುವ ಝೂಬ್ಯಾಂಕ್ ನೋಂದಣಿಗೆ ಅರ್ಧ ಗಂಟೆ, ದುಡ್ಡೂ ಇಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಲೇಬೇಕು. ಹೋಲೋಟೈಪನ್ನು ಮಾತ್ರೆಯ ಖಾಲಿ ಕ್ಯಾಪ್ಸೂಲಿನಲ್ಲಿ ಹತ್ತಿ ಸುತ್ತಿ ಝುವಾಲಾಜಿಕಲ್ ಸರ್ವೇಗೆ ನಾನೇ ಒಯ್ದೆ, ಅಂಚೆಯನ್ನು ನಂಬಲಿಲ್ಲ. ರಿಜಿಸ್ಟರ್ ನಂಬರು ಬಂದಿದೆ. ಪ್ರೂಫಿನಲ್ಲಿ ಮೂರನೇ ಚಿತ್ರದ ಅಳತೆ ತೋರಿಸುವ ಗೆರೆ, ಸ್ಕೇಲ್ ಬಾರ್, ತಪ್ಪಿದೆ, ಹಾಗೇ ಬಿಟ್ಟರೆ ಹುಳ ಮೂರೂವರೆ ಸೆಂಟಿಮೀಟರ್ ಆಗುತ್ತದೆ. ಇವತ್ತು ರಾತ್ರಿಯೇ ತಿದ್ದಿ ಕಳಿಸಬೇಕು.